ಮೂರು ಮುಖದ ಕಾಗದ

ಅಕ್ಕ ಕೊಟ್ಟ ಕಾಗದದಲ್ಲಿ ಮೂರು ಮುಖ:
ನಗುವುದೊಂದು, ಅಳುವುದೊಂದು,
ನಡುವೆ ಬಾಯಿಗೆ ಬರೀ ಗೆರೆ ಎಳೆದದ್ದೊಂದು.
"ಈ ಸಂಜೆ ಶಾಲೆ ನಿನ್ನದು ಅನಿಸುತ್ತದೆಯೇ?
ಒಂದಕ್ಕೆ ಸುತ್ತು ಹಾಕು."

ಹಾಕಲಿಲ್ಲ. ಹಾಳೆ ಮಗುಚಿ ಬರೆದೆ:

ಅಕ್ಕಾ, ಪುಂತಾ ಅರೇನಾಸ್‌ನ ಗಾಳಿ ನಿಮಗೂ ಗೊತ್ತಲ್ಲ,
ರಸ್ತೆ ಮೂಲೆಗೆ ಹಗ್ಗ ಕಟ್ಟಿರುತ್ತಾರೆ, ಹಿಡಿದೇ ದಾಟಬೇಕು.
ಹೈಟಿಯಲ್ಲಿ ಅಮ್ಮ ಹಗ್ಗ ಕಟ್ಟುತ್ತಿದ್ದದ್ದು ಆಡಿಗೆ.
ಮೊದಲ ದಿನ ನಾನೂ ಆಡಿನ ಹಾಗೆ
ಕಾಲೂರಿ ನಿಂತೇಬಿಟ್ಟೆ.

ಮಂಗಳವಾರ ಎದುವಿನಾ ಅಜ್ಜಿಯ ಹೆಣಿಗೆ ಪಾಠ.
ನಾನು ಹೆಣೆದ ಸಾಲನ್ನು ನೆವೆನ್ ಬಿಚ್ಚಿದ, ಕೇಳದೆ.
ಜಗಳ. ಉಣ್ಣೆಯ ಉಂಡೆ ಸೂಪಿಗೆ ಬಿತ್ತು.
ನಾನು ವಿಡ್ಲೀನ್, ಇವರ ಬಾಯಲ್ಲಿ ಬಿದೆಲಿನಾ.
ತಿದ್ದಿ ತಿದ್ದಿ ಸಾಕಾಯಿತು,
ಈಗ ಎರಡಕ್ಕೂ ತಿರುಗುತ್ತೇನೆ.

ಹಾಗಾದರೆ ನಡುವಿನ ಮುಖವೇ ಇರಬಹುದು.

ಆದರೆ ನಿನ್ನೆ ತಡವಾಯಿತು. ಜೂನ್ ಅಲ್ಲವೇ, ಬೇಗ ಕತ್ತಲು.
ಉಲ್ಪಿಯಾನೋ ತಾತ ಗೇಟಿನಲ್ಲಿ ಚಿಲಕ ಹಿಡಿದು ನಿಂತಿದ್ದರು,
ಹಾಕಿರಲಿಲ್ಲ.
ಬೈದರು, ಚೆನ್ನಾಗಿಯೇ ಬೈದರು.
ಆಮೇಲೆ ಒಳಗೆ ಕೂಗಿದರು: "ಬಂದಳು, ಇನ್ನು ಬಡಿಸಿ!"
"ಎಲ್ಲಾ ಆರಿಹೋಯಿತು ಮಾರಾಯ್ತಿ" ಅಂದ ನೆವೆನ್.

ಬೈಸಿಕೊಂಡು ಕಿವಿ ಬೆಚ್ಚಗಾದ ಮುಖ
ನಿಮ್ಮ ಕಾಗದದಲ್ಲಿ ಇಲ್ಲ.
ಬೇಕಾದರೆ ಬಿಡಿಸಿ ಕೊಡುತ್ತೇನೆ,
ಕೆಂಪು ಪೆನ್ಸಿಲ್ ಮಾತ್ರ ನೆವೆನ್ ಹತ್ತಿರ ಇದೆ.