ಹಸಿರು ಹಿಡಿಕೆ

ಕೀಲಿ ಅರ್ಧ ತಿರುಗಿಸು, ಅಂದಿದ್ದ ಅಪ್ಪ,
ಸುರುಳಿಯ ದೀಪ ಆರುವ ತನಕ ತಡಿ.
ಹದಿನಾರರ ನನಗೆ ತಡೆಯುವುದೆಂದರೆ ಪ್ರಾಣಸಂಕಟ.
ಒಂದು, ಎರಡು, ಮೂರು,
ಹೊರಗೆ ಮೊಂಟಾನಾದ ಜನವರಿ, ಮೂಗಿನ ಕೂದಲೂ ಹರಳು,
ಹನ್ನೊಂದು, ಹನ್ನೆರಡು.
ಆರಿತು. ಆಮೇಲೆ ಆ ಕೆಮ್ಮು,
ಗಡಗಡ, ಗಡ, ಗಡಗಡ,
ಮುದುಕನೊಬ್ಬ ನಸುಕಿನಲ್ಲೆದ್ದು
ಬೈಯುತ್ತ ಬೂಟು ಹುಡುಕುವ ಹಾಗೆ.
ಹಾಲ್ವರನ ಮಗಳು ಹೊರಟಳೆಂದು ಬೀದಿಗೆಲ್ಲ ಗೊತ್ತಾಗುತ್ತಿತ್ತು.

ಊರಿಗೊಂದೇ ಬಂಕು.
ಮುಂದುಗಡೆ ಪೆಟ್ರೋಲು, ನೆರಳು, ಬಿಸಿ ಕಾಫಿ.
ಡೀಸೆಲ್ಲು ಹಿತ್ತಿಲಲ್ಲಿ, ಕೆಸರಿನಲ್ಲಿ,
ದನ ಸಾಗಿಸುವ ಲಾರಿಗಳ ಸಾಲಿನಲ್ಲಿ.
ಆನೆಗಳ ನಡುವೆ ಕರುವಿನಂತೆ ನಿಲ್ಲುತ್ತಿತ್ತು ನನ್ನ ಬೂದು ಕಾರು.
ದಾರಿ ತಪ್ಪಿತೇನಮ್ಮ, ಅನ್ನುತ್ತಿದ್ದರು ಡ್ರೈವರುಗಳು.
ಹಸಿರು ಹಿಡಿಕೆ ಎತ್ತಿ ತುಂಬಿಸುತ್ತಿದ್ದೆ.
ಅಂಗೈಗೆ ಅಂಟಿದ ವಾಸನೆ ಸಂಜೆ ಬ್ರೆಡ್ಡಿಗೂ ಬರುತ್ತಿತ್ತು.
ತಿನ್ನುತ್ತಿದ್ದೆ.

ನಾನು ಮನೆಮನೆ ಸುತ್ತುವ ನರ್ಸು.
ಒಂದು ಬಾಗಿಲಿಂದ ಇನ್ನೊಂದಕ್ಕೆ ಮೂವತ್ತು ಮೈಲಿ,
ನಡುವೆ ಗೋಧಿ, ಗೋಧಿ, ಒಂದು ಚರ್ಚು, ಗೋಧಿ.
ಒಮ್ಮೆ ಉಂಡರೆ ಆರುನೂರು ಮೈಲಿ
ಮತ್ತೆ ಬಾಯಿ ತೆರೆಯದ ಜೀವ ಅದು.
ಕಡುಚಳಿಯಲ್ಲಿ ಎಣ್ಣೆ ತುಪ್ಪದಂತೆ ಹೆಪ್ಪುಗಟ್ಟುತ್ತದೆಂದು
ರಾತ್ರಿ ಜಗಲಿಯಿಂದ ತಂತಿ ಎಳೆದು ಕರೆಂಟು ಕೊಟ್ಟು
ಅದನ್ನು ಬೆಚ್ಚಗೆ ಮಲಗಿಸುತ್ತಿದ್ದೆ.
ಗಂಡನಿಗೆ ಅಷ್ಟು ಮಾಡಲಿಲ್ಲ ನೀನು, ಅಂದಿದ್ದಳು ಡಾಗ್ನಿ.

ಅಪ್ಪನದನ್ನು ತುಕ್ಕು ತಿಂದಿತು.
ಎರಡನೆಯದು ನನ್ನ ಸ್ವಂತ ದುಡ್ಡಿನದು, ಹೊಚ್ಚ ಹೊಸತು.
ಹೊಗೆಯೇ ಇಲ್ಲ ಅಂದಿದ್ದರು. ಕೊಳವೆಗೆ
ಬಿಳಿ ಕರವಸ್ತ್ರ ಹಿಡಿದು ನೋಡಿದೆ. ಬಿಳಿಯೇ ಉಳಿಯಿತು.
ಊರಿಗೆಲ್ಲ ತೋರಿಸಿದೆ ಆ ಕರವಸ್ತ್ರವನ್ನು.

ನಾಲ್ಕನೇ ವರ್ಷ ಕಾಗದ ಬಂತು.
ಪರೀಕ್ಷೆಗೆ ನಿಂತಾಗ ಒಂದು ಉಸಿರು,
ರಸ್ತೆಯಲ್ಲಿ ಇನ್ನೊಂದು ಉಸಿರು,
ಹಾಗೆ ಕಲಿಸಿಟ್ಟಿದ್ದರಂತೆ ಅದಕ್ಕೆ.
ಕರವಸ್ತ್ರಕ್ಕೆ ಅಂಟದ ವಿಷವೂ ಇರುತ್ತದಂತೆ.

ಡಾಗ್ನಿಯ ಮೊಮ್ಮಗ ಓರಿನ್, ಆರು ವರ್ಷ,
ಮೂಗು ಬಾಯಿ ಮುಚ್ಚುವ ಮುಖವಾಡದಲ್ಲಿ ಔಷಧದ ಮಂಜು ಎಳೆಯುವವನು.
ಮಂಗಳವಾರ ಅವನ ಪಾಳಿ.
ಚಳಿಗೆ ಎಂಜಿನ್ ಆರಿಸುತ್ತಿರಲಿಲ್ಲ ನಾನು.
ಅವನ ಕಿಟಕಿಯ ಕೆಳಗೇ ಗಡಗಡ.
ಆ ಸದ್ದಿಗೆ ಹಾಸಿಗೆ ಬಿಟ್ಟೆದ್ದು ಕೈ ಬೀಸುತ್ತಿದ್ದ.

ಅದಕ್ಕೂ ಇದಕ್ಕೂ ಗಂಟು ಹಾಕಬೇಡ, ಅಂದರು ಡಾಕ್ಟರು,
ಈ ಬಯಲಿನಲ್ಲಿ ಗಾಳಿ ಎಲ್ಲಿ ನಿಲ್ಲುತ್ತದೆ?
ನಿಜ, ನಿಲ್ಲುವುದಿಲ್ಲ.
ಆದರೂ ಕ್ಯಾಲೆಂಡರು ತೆಗೆದು ಮಂಗಳವಾರಗಳನ್ನು ಎಣಿಸಿದೆ.

ಕಾರು ವಾಪಸು ಕೊಟ್ಟೆ. ಚೆಕ್ಕಿನಲ್ಲಿ ಜಿಪುಣತನ ಮಾಡಲಿಲ್ಲ ಅವರು.
ಪತ್ರಿಕೆಯಲ್ಲಿ ಚಿತ್ರ: ಯಾವುದೋ ಮರುಭೂಮಿ,
ಸಾವಿರಾರು ಕಾರು, ಸಾಲು ಸಾಲು, ಒಂದಕ್ಕೂ ಮಾತಿಲ್ಲ.
ಬೂದು ಬಣ್ಣದವುಗಳ ಮೇಲೆ ಬೆರಳಿಟ್ಟು ಹುಡುಕಿದೆ.
ಹುಚ್ಚು.

ಬಿಲ್ಲಿಂಗ್ಸಿನ ಷೋರೂಮಿನಲ್ಲಿ ಟ್ರೆವಿನ್ ಎಂಬ ಹುಡುಗ,
ಡೀಸೆಲ್ಲೇ? ಪಿಕಪ್ಪಿನಲ್ಲಿದೆ ಮೇಡಂ,
ಏನು ಎಳೆಯಬೇಕು, ಕುದುರೆಯೋ ದೋಣಿಯೋ?
ಒಂದು ಚೀಲ, ಅಂದೆ.
ಬಿಪಿ ಪಟ್ಟಿ, ಹತ್ತಿ, ಹದಿನೇಳು ಬಗೆ ಮಾತ್ರೆ.
ನಕ್ಕ. ಪಾಪ, ಸುರುಳಿಯ ದೀಪ ಕಂಡವನಲ್ಲ.
ಓಸ್ಲೋದಿಂದ ಅತ್ತೆಮಗಳು ಬರೆದಿದ್ದಾಳೆ:
ಇಲ್ಲಿ ಟ್ಯಾಕ್ಸಿಗಳೂ ಡೀಸೆಲ್ಲೇ ಕುಡಿಯುತ್ತಿದ್ದವು,
ಈಗ ನಾವೂ ಬಿಡುತ್ತಿದ್ದೇವೆ, ನಿನಗೇಕೆ ಇನ್ನೂ ಮೋಹ?

ಮೋಹವೋ, ರೂಢಿಯೋ.
ಈಗಿನದು ಬ್ಯಾಟರಿ, ಪೆಟ್ರೋಲು ಎರಡೂ ಇರುವ ಬಿಳಿ ಕಾರು.
ಗುಂಡಿ ಒತ್ತಿದರೆ ಎದ್ದಿತೋ ಇಲ್ಲವೋ ತಿಳಿಯದು.
ಓರಿನ್‌ಗೂ ತಿಳಿಯುವುದಿಲ್ಲ, ಬಾಗಿಲು ಬಡಿಯಬೇಕು.

ನಿನ್ನೆ ಹಿಮ ಬೀಳುವ ಹೊತ್ತಲ್ಲಿ, ಏನೋ ಯೋಚಿಸುತ್ತ,
ಬಂಕಿನ ಹಿತ್ತಿಲಿಗೇ ತಿರುಗಿಸಿದ್ದೆ.
ಕೈ ತಾನಾಗಿ ಹಸಿರು ಹಿಡಿಕೆ ಎತ್ತಿತು.
ಮೂತಿ ದಪ್ಪ, ಈ ಕಾರಿನ ಬಾಯಿ ಸಣ್ಣದು,
ಹಿಡಿಸಲಿಲ್ಲ.
ಹಿಂದಿನ ಲಾರಿಯವನು ಹಾರನ್ ಹೊಡೆಯಲಿಲ್ಲ,
ದೀಪ ತಗ್ಗಿಸಿ
ಕಾದ.