ನಂಬಲರ್ಹ

ಟೊಲಿಡೊ, ಮಾರ್ಚಿ ತಿಂಗಳು. ಮಾಮೀ ಹೊಳೆಯ ಮೇಲೆ
ಐಸು ಒಡೆದು ಹೋಳುಹೋಳಾಗಿ ತೇಲುತ್ತಿದೆ.
ಕೋರ್ಟಿನ ಎರಡನೇ ಮಹಡಿ, ಹಿಂದಿನ ಬೆಂಚು.
ಬೆಲ್ಟು, ಬೀಗದ ಕೈ, ಚಿಲ್ಲರೆ,
ಎಲ್ಲ ಕೆಳಗೆ ತಟ್ಟೆಯಲ್ಲಿ ಕಳಚಿಟ್ಟು ಬಂದೆ.
ಒಂದು ಮಾತು ಮಾತ್ರ ಅವರ ಯಂತ್ರಕ್ಕೆ ಸಿಗಲಿಲ್ಲ.

ಮೂರು ಸಾಲು ಮುಂದೆ ಡೋರೀನ್ ಕುಜಾವಾ.
ಹತ್ತೊಂಬತ್ತು ವರ್ಷ ನಾಲ್ಕನೇ ಒಲೆಯ ಬಾಯಲ್ಲಿ ನಿಂತವಳು.
ಅವಳನ್ನು ತೆಗೆದದ್ದು ಒಂದು ಹಾಳೆ,
ಹಾಳೆಯ ಕೆಳಗೆ ನನ್ನ ಸಹಿ:
ರಾತ್ರಿ ಪಾಳಿ, ಎರಡೂ ನಲವತ್ತರಿಂದ ಮೂರರವರೆಗೆ
ಒಲೆ ಬಿಟ್ಟು ಹೋಗಿದ್ದಳು, ಹೇಳದೆ ಕೇಳದೆ.

ಹೇಳಿದ್ದಳು.
ಮಿಕ್ಸರಿನ ಸದ್ದಿನಲ್ಲಿ, ಸುಟ್ಟ ಮೊಣಕೈ ತೋರಿಸಿ
ಏನೋ ಅಂದಳು; ನಾನು ತಲೆಯಾಡಿಸಿದೆ.
ಹೂಂ ಎಂದೋ, ಕೇಳಿಸಿತು ಎಂದೋ,
ಬರೀ ತೂಕಡಿಕೆಗೋ.
ಬೆಳಿಗ್ಗೆ ನಾನೂರು ಬ್ರೆಡ್ಡು ಕರಿಕಾಗಿ ಕೂತಾಗ
ಆ ತಲೆ ನನ್ನದಾಗಿರಲಿಲ್ಲ.

ಮಧ್ಯಸ್ಥ ಎಲ್ಡನ್ ಫಿಚ್, ಹೆದ್ದಾರಿ ಬದಿಯ ಹೋಟೆಲಿನಲ್ಲಿ
ಎರಡು ದಿನ ಕೂತು ಕೇಳಿದರು.
ಅವರ ಕಿವಿಯ ಯಂತ್ರ ಆಗಾಗ ಕುಯ್ ಅನ್ನುತ್ತಿತ್ತು.
ಮೂವತ್ತೊಂದು ಪುಟ ಬರೆದರು. ತಪ್ಪು ಇದೆ,
ತಪ್ಪಿಗಿಂತ ಶಿಕ್ಷೆ ದೊಡ್ಡದು. ಕೆಲಸ ವಾಪಸು ಕೊಡಿ.
ಕಳೆದ ಹದಿನಾಲ್ಕು ತಿಂಗಳ ಸಂಬಳ ಮಾತ್ರ ಇಲ್ಲ.
ಪುಟ ಹದಿನೆಂಟು ನನಗೆ ಬಾಯಿಪಾಠ:
‘ಮೇಲ್ವಿಚಾರಕ ಟೆರನ್ಸ್ ಓಡಮ್ ಅವರ ಹೇಳಿಕೆ ನಂಬಲರ್ಹ.’

ಅಷ್ಟನ್ನೂ ಕಂಪನಿಗೆ ನುಂಗಲಾಗಲಿಲ್ಲ.
ತೀರ್ಪು ರದ್ದುಮಾಡಿ ಎಂದು ಇಲ್ಲಿಗೆ ಬಂತು.
ನಾನೂ ಬಂದೆ, ರಜೆ ಹಾಕಿ, ಇಸ್ತ್ರಿ ಅಂಗಿ ತೊಟ್ಟು,
ಯಾರಾದರೂ ಕೇಳಿಯಾರು ಎಂದು.
ದೊಡ್ಡ ಕೋರ್ಟಲ್ಲವೆ,
ಬುಡದಿಂದ ಕೇಳುತ್ತಾರೆ ಅಂದುಕೊಂಡಿದ್ದೆ.

ಕಂಪನಿಯ ವಕೀಲ ಕರಾರಿನ ಹನ್ನೊಂದನೇ ಕಲಮು ಓದಿದ.
ಯೂನಿಯನ್ನಿನ ವಕೀಲೆ ಅದೇ ಕಲಮಿನ ಅದೇ ಸಾಲನ್ನು
ಬೇರೊಂದು ಪದ ಒತ್ತಿ ಓದಿದಳು.
ಸಾಕ್ಷಿಯ ಕಟಕಟೆ ಖಾಲಿ. ಅದರ ಮೇಲೆ ಯಾರೋ
ನೀರಿನ ಜಗ್ಗು ಇಟ್ಟಿದ್ದರು.

ನ್ಯಾಯಾಧೀಶೆ ಕನ್ನಡಕ ತೆಗೆದು ಮೂಗು ತಿಕ್ಕಿಕೊಂಡರು.
ನಾನಾಗಿದ್ದರೆ ಬೇರೆ ಬರೆಯುತ್ತಿದ್ದೆನೇನೋ, ಅಂದರು.
ಆದರೆ ನೀವಿಬ್ಬರೂ ಒಪ್ಪಿ ಕರೆದದ್ದು ಅವರನ್ನು, ನನ್ನನ್ನಲ್ಲ.
ಹದ ಸರಿಯೇ ಎಂದು ನಾನು ಮುರಿದು ನೋಡುವಂತಿಲ್ಲ;
ಈ ಕರಾರಿನ ಒಲೆಯಲ್ಲೇ ಬೆಂದದ್ದೇ, ಅಷ್ಟೇ ನನ್ನ ಪಾಲು.
ಹೌದು. ತೀರ್ಪು ನಿಲ್ಲುತ್ತದೆ.

ನಿಂತಿತು. ಅವಳ ಕೆಲಸ ನಿಂತಿತು,
ಅವಳಿಗೆ ಇಲ್ಲವೆಂದ ಸಂಬಳವೂ ಇಲ್ಲವೆಂದೇ ನಿಂತಿತು,
ಪುಟ ಹದಿನೆಂಟೂ ನಿಂತಿತು,
ಗೆದ್ದವಳ ತೀರ್ಪಿನೊಳಗೆ, ಹಿಟ್ಟಿನೊಳಗಿನ ಹರಳಿನ ಹಾಗೆ,
ಈಗ ಸರಕಾರಿ ಮೊಹರಿನ ಸಮೇತ.

ಓಣಿಯಲ್ಲಿ ವಕೀಲೆಯ ಹಿಂದೆ ಓಡಿ ಹೇಳಿದೆ, ಪೂರ್ತಿ.
ಅವಳು ಫೈಲನ್ನು ಎದೆಗವಚಿಕೊಂಡು ಕೇಳಿದಳು.
ಆಗ ಎಲ್ಲಿದ್ದಿರಿ?
ಈಗ ಈ ಬಾಗಿಲು ತೆರೆದರೆ ನಾವಷ್ಟೇ ಹೋಗುವುದಿಲ್ಲ,
ಅವರೂ ನುಗ್ಗುತ್ತಾರೆ. ಕೈಗೆ ಬಂದದ್ದು ಬಾಯಿಗೆ ಬರಲಿ.
ದಯವಿಟ್ಟು ಸುಮ್ಮನಿರಿ.
ಸುಮ್ಮನಿರುವುದು ನನಗೆ ಗೊತ್ತು.
ಅದೊಂದೇ ನನಗೆ ಚೆನ್ನಾಗಿ ಗೊತ್ತು.

ಸೋಮವಾರ ರಾತ್ರಿ ಬಂದಳು.
ಅವಳ ಲಾಕರಿನ ಮೇಲೆ ಬೇರೆಯ ಹೆಸರು;
ಊಟದ ಡಬ್ಬಿ ಕಿಟಕಿಯ ಮೇಲಿಟ್ಟು ಒಲೆಯ ಬಾಯಿಗೆ ಹೋದಳು.
ನಡುರಾತ್ರಿ ದಾಟಿ ಯಾವಾಗಲೋ ಕೈಯೆತ್ತಿ
ಏನೋ ಅಂದಳು.

ಮಿಕ್ಸರು ನಿಲ್ಲಿಸಿಬಿಟ್ಟೆ.
ಪಾಳಿಯ ತಲೆಗಳೆಲ್ಲ ಇತ್ತ ತಿರುಗಿದವು.
ಏನಂದೆ, ಡೋರೀನ್?
ಕೈಗವಸು ತೂತಾಗಿದೆ ಅಂದೆ, ಅಷ್ಟೇ.
ಅಷ್ಟಕ್ಕೆ ಯಾಕೆ ನಿಲ್ಲಿಸಿದಿರಿ?

ತೊಟ್ಟಿಯಲ್ಲಿ ಹಿಟ್ಟು
ನಿಂತಲ್ಲೇ ಉಬ್ಬತೊಡಗಿತ್ತು.