ಚೆನ್ನಾಗಿತ್ತು ಎಂದ ಮೇಲೆ

ಹೇಗಿತ್ತು ಎಂದು ಕೇಳಿದೆ ನೀನು, ಇಲ್ಪೊ,
ರಟ್ಟಿನ ಪರದೆ ಮಡಚುತ್ತ, ನಮ್ಮ ಮುಖ ನೋಡದೆ.
ಚೆನ್ನಾಗಿತ್ತು, ಎಂದಳು ರಾಕೆಲ್, ಬೂಟಿನ ದಾರ ಬಿಗಿಯುತ್ತ.
ಚೆನ್ನಾಗಿತ್ತು, ಎಂದ ತೂರೆ, ಉಣ್ಣೆಯ ಟೋಪಿಯೊಳಗಿಂದ.
ವಿಯೆನೊ ಮಾತ್ರ ಥ್ಯಾಂಕ್ಸ್ ಅಂದಳು.
ಅದು ನೀನು ಕೇಳಿದ್ದಕ್ಕೆ ಉತ್ತರವಲ್ಲ.
ಬಾಗಿಲು ಮುಚ್ಚಿತು. ಮೆಟ್ಟಿಲ ದೀಪ ತಾನೇ ಆರಿತು.
ಹೆರ್ವಾಂತಾದಿಂದ ಕೊನೆಯ ಟ್ರಾಮಿಗೆ ಇನ್ನೂ ಇಪ್ಪತ್ತೇಳು ನಿಮಿಷ.
ಕಪ್ಪು ತೊಳೆಯುವ ನೆಪ ಹಿಡಿದು ನಾನು ಉಳಿದೆ.

ಈ ಊರಲ್ಲಿ ಯಾರೂ ಹೆಚ್ಚು ಹೇಳುವುದಿಲ್ಲ, ನಿನಗೂ ಗೊತ್ತು.
ನನ್ನಪ್ಪ ಕಾಗದದ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷ
ಒಬ್ಬನೇ ಜೊತೆಗಾರನೊಡನೆ ಒಂದೇ ಯಂತ್ರ ನಡೆಸಿದ.
ಆತ ಸತ್ತ ದಿನ ಊಟದ ನಡುವೆ ಹೇಳಿದ:
ಕೆಲಸ ಬಲ್ಲವನಾಗಿದ್ದ.
ಅದನ್ನು ಅವನಿಗೇ ಹೇಳಿದ್ದರೆ ಎಂದು
ನಾನು ಎಷ್ಟೋ ಸಲ... ಇರಲಿ.

ಕೇಳು.
ನದಿಯಲ್ಲಿ ಸೋತೆವಲ್ಲ, ಅದಲ್ಲ ನನ್ನ ದೂರು.
ಸೋಲುವುದಕ್ಕೇ ತಾನೇ ಶನಿವಾರ ಶನಿವಾರ ಬರುವುದು!
ವಿಯೆನೊ ಆಡುತ್ತಿದ್ದ ಆ ಅಂಬಿಗಿತ್ತಿ,
ಬಸ್ಸಿನಲ್ಲಿ, ಹಲ್ಲಿನ ಡಾಕ್ಟರ ಬೆಂಚಿನ ಮೇಲೆ,
ಆರು ತಿಂಗಳು ಎಳೆ ಎಳೆಯಾಗಿ ಹೆಣೆದುಕೊಂಡ ಹೆಂಗಸು,
ಹಗ್ಗ ಎಸೆಯುತ್ತೇನೆ ಎಂದಳು.
ಹಗ್ಗ ಸಾಲುವುದಿಲ್ಲ ಎಂದೆ.
ಈಜುತ್ತೇನೆ ಎಂದಳು. ನೀರು ಕೊರೆಯುತ್ತಿದೆ ಎಂದೆ.
ಹಾಗಾದರೆ ಕೂಗುತ್ತೇನೆ ಎಂದಳು.
ಗಾಳಿ, ಎಂದೆ.
ಆಮೇಲೆ ನೋಟ್‌ಬುಕ್ ತೆರೆದು ಎರಡೂವರೆ ಪುಟ ಓದಿದೆ:
ಅವಳ ಸಾವು, ಮೊದಲೇ ಬರೆದಿಟ್ಟದ್ದು,
ನೀಲಿ ಶಾಯಿ, ದುಂಡು ಅಕ್ಷರ.
ಓದಿದ್ದು ಸೊಗಸಾಗಿತ್ತು. ಕಷ್ಟ ಅದೇ.
ಇಪ್ಪತ್ತು ಮುಖದ ದಾಳ ಅವಳ ಮುಷ್ಟಿಯಲ್ಲೇ
ಬೆಚ್ಚಗಾಗುತ್ತ ಕೂತಿತ್ತು.
ಬರೀ ಒಂದು ಬಿದ್ದಿದ್ದರೂ ಅವಳು ನಗುತ್ತಲೇ ಮುಳುಗುತ್ತಿದ್ದಳು.
ಗರ ಬೀಳುವ ಮೊದಲೇ ಕಾಯಿ ಎತ್ತಿಬಿಟ್ಟೆಯಲ್ಲ, ಮಾರಾಯ.

ಇನ್ನೊಂದು. ಇದನ್ನೂ ಕೇಳಿಸಿಕೋ.
ಸುಂಕದ ಕಟ್ಟೆಯ ಆ ಮುದುಕ
ನಿನ್ನ ಯಾವ ಪುಟದಲ್ಲೂ ಇರಲಿಲ್ಲ.
ಒಳಗೆ ಯಾರಾದರೂ ಇದ್ದಾರಾ ಎಂದು ತೂರೆ ಸುಮ್ಮನೆ ಕೇಳಿದ;
ನೀನು ತಬ್ಬಿಬ್ಬಾಗಿ ಕೆಮ್ಮಿದೆ;
ಆ ಕೆಮ್ಮಿನಲ್ಲೇ ಹುಟ್ಟಿ ಬಂದ ಅವನು,
ಒಂದು ಕೈಗವಸು ಕಳೆದುಕೊಂಡವನು,
ಸುಂಕದ ಬದಲು ನಮ್ಮ ತಾಯಂದಿರ ಹೆಸರು ಕೇಳಿದವನು.
ರಾಕೆಲ್ ಕುರ್ಚಿ ಮುಂದಕ್ಕೆಳೆದುಕೊಂಡಳು.
ಮುಕ್ಕಾಲು ಗಂಟೆ ಚಿಪ್ಸ್ ಚೀಲದ ಸದ್ದಿಲ್ಲ.
ಅದು ನೀನು, ಇಲ್ಪೊ.
ನೋಟ್‌ಬುಕ್ ಬೇರೆ ಯಾರದೋ.

ನಲ್ಲಿ ನಿಲ್ಲಿಸಿದೆ. ನೀನು ಒರೆಸಿದ ಕಪ್ಪನ್ನೇ ಒರೆಸುತ್ತಿದ್ದೆ.
ಮೂರು ರಾತ್ರಿ ಬರೆದೆ, ಎಂದೆ ಕೊನೆಗೆ,
ಅವಳಿಗೊಂದು ಒಳ್ಳೆಯ ಸಾವು ಕೊಡೋಣ ಅಂತ.
ಪುಟ ಹರಿಯಬೇಡ, ಎಂದೆ ನಾನು.
ಹರಿಯೋದಿಲ್ಲ. ಶಾಯಿಗೆ ದುಡ್ಡು ಕೊಟ್ಟಿದ್ದೇನೆ.
ಇಬ್ಬರಿಗೂ ನಗು ಬಂತು. ಮುಗಿಯಿತು ಎಂದುಕೊಂಡೆ.

ಆಗ ನೀನು ಬಟ್ಟೆ ಕೊಡವಿ, ಮೆತ್ತಗೆ:
ವಿಯೆನೊ ಬಾಯಿ ತೆರೆದಾಗಲೆಲ್ಲ ನೀನು ಫೋನು ನೋಡುತ್ತೀಯ.
ಇವತ್ತು ಮೂರು ಸಲ.
ಹಗ್ಗ ಅಂದಳಲ್ಲ, ಆಗಲೂ.
ನೀನು ಅದೇ ದೋಣಿಯಲ್ಲಿದ್ದೆ.
ಹಿಡಿಯುತ್ತೇನೆ ಅಂದಿದ್ದರೆ
ನನ್ನ ಹತ್ತಿರ ಅದಕ್ಕೆ ಪುಟ ಇರಲಿಲ್ಲ.

ನುಂಗಲೂ ಆಗದ, ಉಗುಳಲೂ ಆಗದ ತುತ್ತು.
ಕೋಟಿನ ಗುಂಡಿ ಒಂದೊಂದೇ ಹಾಕಿಕೊಂಡೆ.
ಮುಂದಿನ ಶನಿವಾರ? ಎಂದೆ ನೀನು.
ಹೂಂ, ಎಂದೆ.

ಟ್ರಾಮಿನಲ್ಲಿ ನಾನು, ಹಾಕಿ ಕೋಲಿನ ಹುಡುಗನೊಬ್ಬ.
ಫೋನು ತೆಗೆದು ವಿಯೆನೊಗೆ ಬರೆದೆ: ಇವತ್ತು ಚೆನ್ನಾಗಿತ್ತು.
ಅಳಿಸಿದೆ.
ಹಗ್ಗದ ಈ ತುದಿ ನಾನು ಹಿಡಿಯಬೇಕಿತ್ತು.
ಕಳಿಸಿದೆ.

ಹಿಮದ ನಡುವೆ ಎಲ್ಲೋ ಟ್ರಾಮ್ ಸುಮ್ಮನೆ ನಿಂತಿತು.
ಚಾಲಕಿ ಕಾರಣ ಹೇಳಲಿಲ್ಲ.
ಆ ಹುಡುಗನೂ ಕೇಳಲಿಲ್ಲ, ನಾನೂ.